ರಕ್ತ ತೆಳುವಾಗಿಸುವ ಮಾತ್ರೆ ಮತ್ತು ಎಪಿಡ್ಯೂರಲ್: ಒಂದು ಅರಿವಳಿಕೆ ವಿಭಾಗದ ಸೇವೆ ಕುರಿತು

ಹೃದಯಬಡಿತದ ಏರುಪೇರಿಗಾಗಿ ವರ್ಷಗಳಿಂದ ವಾರ್ಫರಿನ್ ಎಂಬ ರಕ್ತ ತೆಳುವಾಗಿಸುವ ಮಾತ್ರೆ ಸೇವಿಸುತ್ತಿರುವ ನಮ್ಮ ತಾಯಿಯವರಿಗೆ ಹೊಟ್ಟೆಯ ದೊಡ್ಡ ಶಸ್ತ್ರಚಿಕಿತ್ಸೆಯಾದಾಗ, ನೋವು ತಡೆಯಲು ಬೆನ್ನಿನಲ್ಲಿ ಎಪಿಡ್ಯೂರಲ್ ಕ್ಯಾಥೆಟರ್ (ಬೆನ್ನುಹುರಿಯ ಹೊದಿಕೆಯ ಹೊರಗೆ ಮರಗಟ್ಟಿಸುವ ಔಷಧ ಹರಿಸುವ ಸಪೂರ ನಳಿಕೆ) ಇರಿಸಿದ್ದರು. ಆಸ್ಪತ್ರೆಯ ಹೆಸರು ಬೇಡ. ಅಲ್ಲಿನ ಅರಿವಳಿಕೆ ವಿಭಾಗದ ಸೇವೆಯನ್ನು ಕಂಡಂತೆ ಬರೆಯುತ್ತಿದ್ದೇನೆ.

ಶಸ್ತ್ರಚಿಕಿತ್ಸೆಗೆ ಮುಂಚಿನ ತಪಾಸಣೆಯಲ್ಲಿ ನನಗೆ ಯಾವ ಕೊರತೆಯೂ ಕಾಣಲಿಲ್ಲ. ಅರಿವಳಿಕೆ ತಜ್ಞರು ಮಾತ್ರೆಗಳನ್ನೆಲ್ಲ ತರಿಸಿ ನೋಡಿದರು, ಹೃದ್ರೋಗ ತಜ್ಞರೊಡನೆ ಮಾತಾಡಿ ವಾರ್ಫರಿನ್ ಅನ್ನು 5 ದಿನ ಮೊದಲೇ ನಿಲ್ಲಿಸಿದರು, ಐಎನ್‌ಆರ್ (ರಕ್ತ ಹೆಪ್ಪುಗಟ್ಟುವ ವೇಗದ ಅಳತೆ) ಸಹಜ ಮಟ್ಟಕ್ಕೆ ಬಂದಿದೆಯೆಂದು ಅಂದು ಬೆಳಗ್ಗೆ ಮತ್ತೆ ಪರೀಕ್ಷಿಸಿ ಖಚಿತಪಡಿಸಿಕೊಂಡರು. ಬೆನ್ನುಹುರಿಯ ಹೊದಿಕೆಯ ಹೊರಗೆ ತೆಳುಗೋಡೆಯ ರಕ್ತನಾಳಗಳ ಜಾಲವಿದೆ, ಸೂಜಿ ತಾಗಿ ಒಸರುವ ರಕ್ತ ಸಾಮಾನ್ಯವಾಗಿ ತಾನೇ ನಿಲ್ಲುತ್ತದೆ, ಆದರೆ ಹೆಪ್ಪುಗಟ್ಟುವ ಶಕ್ತಿ ಕುಗ್ಗಿದವರಲ್ಲಿ ಅದು ಶೇಖರವಾಗಿ, ಹಿಗ್ಗಲು ಜಾಗವಿಲ್ಲದ ಮೂಳೆಯ ಕೊಳವೆಯಲ್ಲಿ ಬೆನ್ನುಹುರಿಯನ್ನೇ ಅದುಮಬಹುದು ಎಂದು ತಾಯಿಯವರಿಗೆ ಅರ್ಥವಾಗುವಂತೆ ಹೇಳಿದರು. ಇದು ಬಹಳ ಅಪರೂಪವೆಂಬುದನ್ನೂ ಮರೆಮಾಚದೆ, ಹಿಗ್ಗಿಸದೆ ತಿಳಿಸಿದರು.

ವಾರ್ಡಿನಲ್ಲಿ ಆ ಎಚ್ಚರ ಉಳಿಯಲಿಲ್ಲ. ಕಾಲಿನಲ್ಲಿ ರಕ್ತ ಹೆಪ್ಪುಗಟ್ಟದಂತೆ ದಿನಕ್ಕೊಮ್ಮೆ ಎನಾಕ್ಸಪರಿನ್ ಎಂಬ, ಇದೂ ರಕ್ತ ತೆಳುವಾಗಿಸುವ, ಚುಚ್ಚುಮದ್ದು ಕೊಡುತ್ತಿದ್ದರು. ಹಿಂದಿನ ಚುಚ್ಚುಮದ್ದಾಗಿ 12 ಗಂಟೆ ಕಳೆಯುವ ಮೊದಲೇ ಕ್ಯಾಥೆಟರ್ ತೆಗೆಯಲು ಸಿಬ್ಬಂದಿ ಸಿದ್ಧರಾದರು. ಕ್ಯಾಥೆಟರ್ ಸೇರಿಸುವಾಗ ಇರುವಷ್ಟೇ ರಕ್ತಸ್ರಾವದ ಅಪಾಯ ಅದನ್ನು ತೆಗೆಯುವಾಗಲೂ ಇದೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆಯು 2013ರಲ್ಲಿ ಹೊರಡಿಸಿದ ಸೂಚನೆಯೂ ಕಡಿಮೆ ಪ್ರಮಾಣದ ಎನಾಕ್ಸಪರಿನ್ ಕೊಟ್ಟ ಮೇಲೆ ಕನಿಷ್ಠ 12 ಗಂಟೆ, ಹೆಚ್ಚಿನ ಪ್ರಮಾಣವಾದರೆ 24 ಗಂಟೆ ಕಾಯಬೇಕೆಂದೂ, ತೆಗೆದ ನಂತರ 4 ಗಂಟೆಯೊಳಗೆ ಮುಂದಿನ ಚುಚ್ಚುಮದ್ದು ಕೊಡಬಾರದೆಂದೂ ಹೇಳುತ್ತದೆ. ನಾನು ಸಮಯ ಕೇಳಿದ್ದರಿಂದ ತಜ್ಞರನ್ನು ಕರೆಸಿದರು, ಅವರು ತಕ್ಷಣವೇ ಮುಂದೂಡಿದರು. ಮನೆಯವರು ಕೇಳದಿದ್ದರೆ ಏನಾಗುತ್ತಿತ್ತೋ ಎಂಬ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ.

ಅದಕ್ಕಿಂತಲೂ ಗಂಭೀರವೆನಿಸಿದ್ದು ಮತ್ತೊಂದು ಲೋಪ. ದಾದಿಯರು ನೋವಿದೆಯೇ ಎಂದು ತಪ್ಪದೆ ಕೇಳಿ ಬರೆದುಕೊಳ್ಳುತ್ತಿದ್ದರು, ಆದರೆ ಕಾಲು ಮಡಚಿ, ಪಾದ ಎತ್ತಿ ಎಂದು ಒಮ್ಮೆಯೂ ಹೇಳಲಿಲ್ಲ. ಎಪಿಡ್ಯೂರಲ್ ಔಷಧದ ಮರಗಟ್ಟುವಿಕೆಯೇ ಬೆನ್ನಿನೊಳಗಿನ ರಕ್ತಸ್ರಾವದ ಲಕ್ಷಣಗಳನ್ನು ಮುಚ್ಚಿಡಬಲ್ಲದು. ಬೆನ್ನುನೋವೇ ಇಲ್ಲದೆ ಕಾಲಿನ ಬಲ ಕುಗ್ಗುವುದು, ಇಳಿಯುತ್ತಿದ್ದ ಮರಗಟ್ಟುವಿಕೆ ಮತ್ತೆ ಏರುವುದು, ಮೂತ್ರ ಕಟ್ಟುವುದು ಇವೇ ಮೊದಲ ಸುಳಿವಾಗಬಹುದು. ಅನುಮಾನ ಬಂದೊಡನೆ ಎಂಆರ್‌ಐ ಮಾಡಿಸಿ, ಕಾಲಿನ ಬಲ ಹೋದ ಸುಮಾರು 8 ಗಂಟೆಯೊಳಗೆ ಶಸ್ತ್ರಚಿಕಿತ್ಸೆಯಿಂದ ಒತ್ತಡ ಇಳಿಸಿದರೆ ಚೇತರಿಕೆಯ ಸಾಧ್ಯತೆ ಹೆಚ್ಚು. ಬಿಡುಗಡೆಯ ಪತ್ರದಲ್ಲಿ ಈ ಲಕ್ಷಣಗಳ ಉಲ್ಲೇಖವೇ ಇರಲಿಲ್ಲ.

ತಾಯಿಯವರು ಯಾವ ತೊಂದರೆಯೂ ಇಲ್ಲದೆ ಮನೆಗೆ ಮರಳಿದ್ದಾರೆ. ನೋವಿನ ಪಟ್ಟಿಯ ಪಕ್ಕದಲ್ಲಿ ಕಾಲಿನ ಬಲಕ್ಕೂ, ಕೊನೆಯ ಚುಚ್ಚುಮದ್ದಿನ ಸಮಯಕ್ಕೂ ಒಂದೊಂದು ಕಲಂ ಸೇರಿಸಬೇಕೆಂದು ವಿಭಾಗಕ್ಕೆ ಲಿಖಿತವಾಗಿ ಕೋರಿದ್ದೇನೆ.