ಅಮೆರಿಕಾದಲ್ಲಿ ಸೈಕಾಲಜಿ ಡಾಕ್ಟರೇಟ್: ಪಿಎಚ್‌ಡಿನಾ, ಸೈಡಿನಾ (PsyD)?

ನಾನು ಕ್ಲಿನಿಕಲ್ ಸೈಕಾಲಜಿ, ಅಂದ್ರೆ ಮಾನಸಿಕ ತೊಂದ್ರೆ ಗುರುತಿಸಿ ಥೆರಪಿ ಕೊಡೋ ಶಾಖೆ ಬಗ್ಗೆ ಮಾತ್ರ ಹೇಳ್ತಿದೀನಿ. ಪಿಎಚ್‌ಡಿ 1949ರ ಬೌಲ್ಡರ್ ಸಮ್ಮೇಳನದ ದಾರಿ, ಅಂದ್ರೆ ರಿಸರ್ಚೂ ಬೇಕು ಥೆರಪಿನೂ ಬೇಕು. ಸೈಡಿ, ಅಂದ್ರೆ ಡಾಕ್ಟರ್ ಆಫ್ ಸೈಕಾಲಜಿ ಪದವಿಗೆ 1973ರ ವೇಲ್ ಸಮ್ಮೇಳನದಲ್ಲಿ ಒಪ್ಪಿಗೆ ಸಿಕ್ತು, ಅಲ್ಲಿ ಪೇಷೆಂಟ್ ನೋಡೋದೇ ಮುಖ್ಯ. ಎರಡರಲ್ಲೂ ಕೊನೆಗೆ ಒಂದ್ ವರ್ಷ ಇಂಟರ್ನ್‌ಶಿಪ್, ಲೈಸೆನ್ಸ್ ಪರೀಕ್ಷೆನೂ ಒಂದೇ.

ದುಡ್ಡಿನ ವಿಷ್ಯ ಬೇರೆ. ಪಿಎಚ್‌ಡಿಗೆ ಸಾಮಾನ್ಯವಾಗಿ ಫೀಸ್ ಮಾಫಿ, ಸ್ಟೈಪೆಂಡ್ ಸಿಗುತ್ತೆ, ಆದ್ರೆ ಸೀಟು ಬೆರಳೆಣಿಕೆ, ವರ್ಷಾನೂ ಜಾಸ್ತಿ. ಸೈಡಿ ಬೇಗ ಮುಗಿಯುತ್ತೆ, ಸೀಟೂ ಜಾಸ್ತಿ, ಆದ್ರೆ ಬಹುತೇಕ ಕಡೆ ಸಾಲ ತಲೆ ಮೇಲೆ.

ಬೇರೆ ಬೇರೆ ಸಮುದಾಯದವರ ಜೊತೆ ಕೆಲ್ಸ ಮಾಡ್ಬೇಕು ಅನ್ನೋರು ಬ್ರೋಷರ್‌ನಲ್ಲಿರೋ 'ಡೈವರ್ಸಿಟಿ' ಪದ ನೋಡಿ ಮರುಳಾಗ್ಬೇಡಿ, ಎಪಿಎ (ಅಮೆರಿಕದ ಸೈಕಾಲಜಿಸ್ಟ್‌ಗಳ ಸಂಘ) ಮಾನ್ಯತೆ ಬೇಕಂದ್ರೆ ಅದು ಎಲ್ರೂ ಕಲಿಸಲೇಬೇಕು. ಪ್ರಾಕ್ಟಿಕಮ್ (ಓದ್ತಾ ಓದ್ತಾ ಪೇಷೆಂಟ್ ನೋಡೋ ತರಬೇತಿ) ಎಲ್ಲಿ, ಬರೋ ಪೇಷೆಂಟ್ ಯಾರು, ಅವರ ಭಾಷೆ ಬರೋ ಸೂಪರ್‌ವೈಸರ್ ಇದಾರಾ, ಅದನ್ನ ಕೇಳಿ. ಮಗನ ಮನೆಗೆ ಬಂದಿರೋ ನಮ್ಮೂರ ಅಜ್ಜಿ "ಡಿಪ್ರೆಶನ್" ಅನ್ನಲ್ಲ, "ಎದೆ ಭಾರ ಕಣಪ್ಪಾ, ಊಟ ಸೇರಲ್ಲ" ಅಂತಾರೆ. ಮಾನಸಿಕ ಕಾಯಿಲೆ ಗುರುತಿಸೋಕೆ ಅಮೆರಿಕಾದಲ್ಲಿ ಬಳಸೋ ಕೈಪಿಡಿ ಡಿಎಸ್ಎಂ-5ರಲ್ಲಿ ಇದಕ್ಕಂತ್ಲೇ 16 ಪ್ರಶ್ನೆಗಳ ಸಂದರ್ಶನ ಇದೆ, ನಿಮ್ಮ ತೊಂದ್ರೆನ ನೀವೇ ಏನಂತ ಕರೀತೀರಿ ಅನ್ನೋ ಥರದ್ದು, ಅದನ್ನ ಓದೋದು ಬೇರೆ, ಅಜ್ಜಿ ಎದುರು ಕೂತು ಕೇಳೋದು ಬೇರೆ.

ನನ್ನ ಕೇಳಿದ್ರೆ, ಇಂಥವರ ಬಗ್ಗೆ ರಿಸರ್ಚ್ ಮಾಡೋ ಹುಚ್ಚಿದ್ರೆ ಪಿಎಚ್‌ಡಿ, ಅದೂ ಆ ಕೆಲ್ಸಾನೇ ಮಾಡ್ತಿರೋ ಗೈಡ್ ಸಿಕ್ರೆ. ಅಂಕಿಅಂಶ ಕಂಡ್ರೆ ತಲೆನೋವು ಬರೋರು ಸೈಡಿ ನೋಡಿ, ಸಾಲದ ಲೆಕ್ಕ ಮೊದ್ಲೇ ಹಾಕ್ಕೊಂಡು.