ಮಿಶ್ರ ತ್ವಚೆಗೆ ಗಾಣದ ಕುಸುಬೆ ಎಣ್ಣೆ: ಮೂರು ವರ್ಷಗಳ ಬಳಕೆಯ ನಂತರ

ಮಧ್ಯಾಹ್ನದ ಹೊತ್ತಿಗೆ ನನ್ನ ಹಣೆ ಮತ್ತು ಮೂಗು ಜಿಡ್ಡಿನಿಂದ ಹೊಳೆಯುತ್ತವೆ. ಕೆನ್ನೆಗಳು ಮಾತ್ರ ಧಾರವಾಡದ ಡಿಸೆಂಬರ್ ಚಳಿಗೆ ಬಿಗಿದು ಸಿಪ್ಪೆಯೇಳುತ್ತವೆ. ಇಂಥ ಮುಖಕ್ಕೆ ಮೊದಲು ಹಚ್ಚಿದ್ದು ಮನೆಯಲ್ಲಿದ್ದ ಕೊಬ್ಬರಿ ಎಣ್ಣೆಯನ್ನು. ಕೆನ್ನೆ ಮೆತ್ತಗಾಯಿತು, ಆದರೆ ಎರಡೇ ವಾರದಲ್ಲಿ ಹಣೆಯ ತುಂಬ ಸಣ್ಣ ಬಿಳಿ ಗುಳ್ಳೆಗಳೆದ್ದವು. ಬಾದಾಮಿ ಎಣ್ಣೆ ಅಷ್ಟು ಕಾಡಲಿಲ್ಲವಾದರೂ ಅದನ್ನು ದಿನವೂ ಬಳಸುವ ಶಕ್ತಿ ನನ್ನ ಸಂಬಳಕ್ಕಿರಲಿಲ್ಲ. ಕೊನೆಗೆ ನೆನಪಾದದ್ದು ನಮ್ಮ ಕಡೆ ಅಡುಗೆಗೆ ಬಳಸುತ್ತ ಬಂದಿರುವ ಕುಸುಬಿ ಎಣ್ಣೆ.

ಸಾಮಾನ್ಯ ತಳಿಯ ಕುಸುಬೆ ಎಣ್ಣೆಯಲ್ಲಿ ಲಿನೋಲಿಕ್ ಆಮ್ಲವೆಂಬ ಕೊಬ್ಬಿನಾಮ್ಲವೇ ಶೇ 70ರಷ್ಟಿರುವುದರಿಂದ ಅದು ತೆಳುವಾಗಿ ಹರಡಿಕೊಳ್ಳುತ್ತದೆ. ರಾತ್ರಿ ಅಡುಗೆಮನೆಯ ಕೆಲಸ ಮುಗಿದ ಮೇಲೆ ಮುಖ ತೊಳೆದು, ನೀರಿನ ಪಸೆ ಇನ್ನೂ ಇರುವಾಗಲೇ ನಾಲ್ಕು ಹನಿ ಎಣ್ಣೆಯನ್ನು ಅಂಗೈಗಳ ನಡುವೆ ಉಜ್ಜಿ ಬಿಸಿಮಾಡಿಕೊಂಡು, ಗಲ್ಲದಿಂದ ಕಿವಿಯ ಕಡೆಗೆ ಮೇಲ್ಮುಖವಾಗಿ, ಬೆರಳಿನ ತುದಿಗಳಿಂದ ಹಗುರವಾಗಿ ಐದು ನಿಮಿಷ ತಿಕ್ಕುತ್ತೇನೆ. ಹಣೆಗೆ ಬೆರಳಲ್ಲಿ ಉಳಿದ ಪಸೆಯಷ್ಟೇ ಸಾಕು, ಮೂಗಿಗೆ ಹಚ್ಚುವುದಿಲ್ಲ. ಹತ್ತು ನಿಮಿಷದ ನಂತರ ಹಣೆಯನ್ನು ಹೆಸರುಹಿಟ್ಟಿನಿಂದ ತೊಳೆದು, ಕೆನ್ನೆಗಳನ್ನು ಹಳೆಯ ಹತ್ತಿಬಟ್ಟೆಯ ಒದ್ದೆ ತುಂಡಿನಿಂದ ಒರೆಸಿಕೊಳ್ಳುತ್ತೇನೆ. ದಿನವಿಡೀ ಕಂಪ್ಯೂಟರ್ ನೋಡಿ ಬಿಗಿದ ದವಡೆ ಆ ಹೊತ್ತಿನಲ್ಲಿ ಸಡಿಲಗೊಳ್ಳುವ ಸುಖಕ್ಕಾಗಿಯೇ ಈ ಅಭ್ಯಾಸವನ್ನು ಬಿಟ್ಟಿಲ್ಲ.

ಇಷ್ಟು ಮೆಚ್ಚಿದ ಎಣ್ಣೆಯೇ ಮೊದಲ ಬೇಸಿಗೆಯಲ್ಲಿ ನನಗೆ ಬಹಳ ಬೇಸರ ತರಿಸಿತು. ಅಗ್ಗವಾಯಿತೆಂದು ಅರ್ಧ ಲೀಟರ್ ತಂದು, ಪಾರದರ್ಶಕ ಬಾಟಲಿಯಲ್ಲಿ ಬಚ್ಚಲಿನ ಕಿಟಕಿಯ ಮೇಲೆ ಇಟ್ಟಿದ್ದೆ. ಏಪ್ರಿಲ್ ಮುಗಿಯುವಷ್ಟರಲ್ಲಿ ಎಣ್ಣೆ ಕಮಟಾಗಿತ್ತು. ಮುಖವನ್ನು ಎರಡು ಸಲ ತೊಳೆದರೂ ಆ ವಾಸನೆ ದಿಂಬಿನವರೆಗೂ ಬರುತ್ತಿತ್ತು. ಕೆನ್ನೆಯಲ್ಲಿ ತುರಿಕೆಯೂ ಶುರುವಾಯಿತು. ಬಾಟಲಿಯ ಮೇಲೆ ಒಂದು ವರ್ಷ ಬಾಳುತ್ತದೆಂದು ಅಚ್ಚಾಗಿತ್ತೇ ಹೊರತು, ಬೆಳಕು ಮತ್ತು ಶಾಖದಿಂದ ದೂರವಿಡಬೇಕೆಂಬ ಒಂದು ಸಾಲೂ ಇರಲಿಲ್ಲ. ಎಣ್ಣೆಯನ್ನು ಹಗುರಾಗಿಸುವ ಲಿನೋಲಿಕ್ ಆಮ್ಲವೇ ಗಾಳಿಯೊಂದಿಗೆ ಬೇಗ ಬೆರೆತು ಕೆಡುತ್ತದೆ ಎಂಬುದನ್ನು ಮಾರುವವರು ಹೇಳಲೇಬೇಕು. ಉಳಿದ ಎಣ್ಣೆಯನ್ನು ಚೆಲ್ಲುವಾಗ ನಿಜವಾಗಿಯೂ ಸಂಕಟವಾಯಿತು.

ಆದರೂ ಬೇರೆ ಎಣ್ಣೆಗೆ ಹೋಗಲು ಮನಸ್ಸಾಗಲಿಲ್ಲ. ಈಗ ಗಾಣಕ್ಕೇ ಹೋಗಿ, ನನ್ನದೇ ಕಂದು ಗಾಜಿನ ಸೀಸೆಯಲ್ಲಿ 100 ಮಿಲಿಯಷ್ಟನ್ನೇ ತುಂಬಿಸಿಕೊಳ್ಳುತ್ತೇನೆ. ಗಾಣದವರು ಅಷ್ಟು ಕಡಿಮೆ ಅಳೆಯಲು ಮೊದಲು ಒಪ್ಪಲಿಲ್ಲ, ಈಗ ಕೇಳುವ ಮೊದಲೇ ಅಳೆದು ಕೊಡುತ್ತಾರೆ. ಸೀಸೆ ಫ್ರಿಜ್ಜಿನ ಬಾಗಿಲಿನಲ್ಲಿರುತ್ತದೆ. ಗುಳ್ಳೆಗಳು ಕೆಂಪಾಗಿ ನೋಯುತ್ತಿರುವ ವಾರಗಳಲ್ಲಿ ಮಾಲೀಸನ್ನು ಪೂರ್ತಿ ನಿಲ್ಲಿಸುತ್ತೇನೆ, ಏಕೆಂದರೆ ತಿಕ್ಕಿದಷ್ಟೂ ಅವು ಕೆರಳುತ್ತವೆ. ಹಣೆಯ ಜಿಡ್ಡು ಕಡಿಮೆಯಾಗಿಲ್ಲ. ಕೆನ್ನೆಗಳು ಮಾತ್ರ ಕಳೆದ ಎರಡು ಚಳಿಗಾಲಗಳಲ್ಲಿ ಸಿಪ್ಪೆಯೆದ್ದಿಲ್ಲ.