ಡ್ರೈನ್ ಸ್ಪ್ರಿಂಗ್: ಒಂದು ವರ್ಷ ಬಳಸಿದ ಮೇಲೆ ಬರೆಯುತ್ತಿದ್ದೇನೆ

ಸಿಂಕ್ ಒಂದು ಸಲ ಕಟ್ಟಿಕೊಂಡರೆ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ನಮ್ಮ ಅಡುಗೆಮನೆ ಸಿಂಕ್ ಐದಾರು ವಾರಕ್ಕೊಮ್ಮೆ ಕಟ್ಟಿಕೊಳ್ಳುತ್ತಿತ್ತು, ಅದೂ ಎರಡು ವರ್ಷ. ಮೊದಲು ನೀರು ಇಳಿಯುವುದು ನಿಧಾನ ಆಗುತ್ತದೆ. ಆಮೇಲೆ ಗುಳುಗುಳು ಸದ್ದು. ಆಮೇಲೆ ಒಂದು ದಿನ, ಪಾತ್ರೆ ಅರ್ಧ ತೊಳೆದಿರುವಾಗಲೇ, ಬೂದು ಬಣ್ಣದ ನೀರು ಕೆಳಗಿಂದ ಮೇಲೆ ಬಂದು ನಿಂತುಬಿಡುತ್ತದೆ. ಆ ವಾಸನೆ ಗೊತ್ತಿರುವವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಪೈಪಿನೊಳಗೆ ನೂಕಿ ಕಟ್ಟಿದ್ದನ್ನು ಬಿಡಿಸುವ, ಕೈಯಲ್ಲಿ ತಿರುಗಿಸುವ ಡ್ರೈನ್ ಸ್ಪ್ರಿಂಗ್ ತಂದು ಈಗ ಒಂದು ವರ್ಷ ಆಯಿತು. ತಗೊಳ್ಳಬೇಕೋ ಬೇಡವೋ ಎಂದು ಯೋಚಿಸುತ್ತಿರುವವರಿಗೆ ಉಪಯೋಗ ಆಗಲಿ ಅಂತ ಬರೆಯುತ್ತಿದ್ದೇನೆ.

ವಸ್ತು ಸರಳ. ಒಂದು ದುಂಡನೆಯ ಪ್ಲಾಸ್ಟಿಕ್ ಡ್ರಮ್, ಅದರೊಳಗೆ ಸುತ್ತಿಟ್ಟ ಉಕ್ಕಿನ ಸ್ಪ್ರಿಂಗ್ ತಂತಿ, ಹಿಂದೆ ತಿರುಗಿಸಲು ಹಿಡಿ, ಮುಂದೆ ತಂತಿಯನ್ನು ಬಿಗಿ ಹಿಡಿಯುವ ಒಂದು ತಿರುಪು. ನನ್ನದು 6 ಮಿಲಿಮೀಟರ್ ದಪ್ಪ, 7.5 ಮೀಟರ್ ಉದ್ದ. ಸಿಂಕ್, ವಾಶ್ ಬೇಸಿನ್, ಬಚ್ಚಲು ಇವಕ್ಕೆ ಈ ದಪ್ಪ ಸಾಕು. ಬ್ರ್ಯಾಂಡ್ ಯಾವುದು ಅನ್ನುವುದಕ್ಕಿಂತ ತಂತಿ ಗಟ್ಟಿ ಇದೆಯಾ, ತಿರುಪು ಸರಿಯಾಗಿ ಕಚ್ಚುತ್ತದಾ ಅನ್ನುವುದನ್ನು ನೋಡಿ.

ಇದನ್ನು ತರುವ ಮುಂಚೆ ಏನೇನು ಮಾಡಿದೆ ಅಂತಲೂ ಹೇಳಬೇಕು, ಯಾಕೆಂದರೆ ಎಲ್ಲರೂ ಮೊದಲು ಅದನ್ನೇ ಮಾಡುತ್ತಾರೆ. ಅಡುಗೆ ಸೋಡಾ ಮತ್ತು ವಿನೆಗರ್ ಹಾಕಿದೆ. ಚೆನ್ನಾಗಿ ನೊರೆ ಬರುತ್ತದೆ, ಕೆಲಸ ಆಗುತ್ತಿದೆ ಅನಿಸುತ್ತದೆ. ಆದರೆ ಆ ನೊರೆ ಬರೀ ಕಾರ್ಬನ್ ಡೈಆಕ್ಸೈಡ್. ಸೋಡಾ ಕ್ಷಾರ, ವಿನೆಗರ್ ಆಮ್ಲ, ಎರಡೂ ಸೇರಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ, ಗಟ್ಟಿಯಾಗಿ ಕೂತ ಜಿಡ್ಡು ಹಾಗೇ ಇರುತ್ತದೆ. ಕುದಿಯುವ ನೀರು ಸುರಿಯಿರಿ ಅಂತ ಒಬ್ಬರು ಹೇಳಿದರು. ಪಿವಿಸಿ ಪೈಪ್ ಇದ್ದರೆ ದಯವಿಟ್ಟು ಬೇಡ. 60 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಅದು ಶಕ್ತಿ ಕಳೆದುಕೊಳ್ಳುತ್ತಾ ಹೋಗುತ್ತದೆ, 80ರ ಹತ್ತಿರ ಮೆತ್ತಗಾಗುತ್ತದೆ.

ಡ್ರೈನ್ ಕ್ಲೀನರ್ ಪುಡಿಯನ್ನೂ ಹಾಕಿ ನೋಡಿದ್ದೆ, ಅದರ ಬಗ್ಗೆ ಸ್ವಲ್ಪ ಜಾಸ್ತಿ ಹೇಳುತ್ತೇನೆ. ಪೈಪಿಗೆ ಸುರಿಯುವ ಆ ಪುಡಿಗಳಲ್ಲಿ ಸಾಮಾನ್ಯವಾಗಿ ಇರುವುದು ಕಾಸ್ಟಿಕ್ ಸೋಡಾ, ಕೆಲವದರಲ್ಲಿ ಅಲ್ಯೂಮಿನಿಯಂ ಚೂರೂ ಇರುತ್ತದೆ. ನೀರು ತಾಗಿದ ತಕ್ಷಣ ಬಿಸಿ ಏಳುತ್ತದೆ, ಜಿಡ್ಡು ಕರಗಿ ಸೋಪಿನಂತಾಗಿ ಹರಿದು ಹೋಗುತ್ತದೆ. ನಮ್ಮಲ್ಲೂ ನೀರು ಇಳಿಯಿತು, ಸುಳ್ಳು ಹೇಳುವುದಿಲ್ಲ. ಆದರೆ ಅದು ಜಿಡ್ಡಿನ ನಡುವೆ ನೀರು ಹೋಗುವಷ್ಟು ತೂತು ಮಾಡಿತ್ತು, ಅಷ್ಟೇ. ಪೈಪಿನ ಒಳಗೋಡೆಗೆ ಅಂಟಿದ್ದು ಅಂಟಿಕೊಂಡೇ ಇತ್ತು, ತಿಂಗಳಲ್ಲಿ ತೂತು ಮತ್ತೆ ಮುಚ್ಚಿತು. ಒಂದು ಸಲವಂತೂ ಪುಡಿ ಹಾಕಿದ ಮೇಲೂ ನೀರು ಇಳಿಯಲೇ ಇಲ್ಲ. ಸಿಂಕಿನ ತುಂಬ ಚರ್ಮ ಸುಡುವ ನೀರು ನಿಂತಿತ್ತು, ಗಾಬರಿಯಲ್ಲಿ ನಾನು ಪ್ಲಂಜರ್ (ಕೋಲಿನ ತುದಿಗೆ ರಬ್ಬರ್ ಬಟ್ಟಲು ಇರುತ್ತದಲ್ಲ, ಅದು) ಒತ್ತಲು ಹೋಗಿದ್ದೆ, ಅಮ್ಮ ಕೈ ಹಿಡಿದು ತಡೆದರು. ಆ ನೀರು ಕಣ್ಣಿಗೆ ಸಿಡಿದಿದ್ದರೆ ಏನಾಗುತ್ತಿತ್ತೋ, ನೆನೆಸಿಕೊಂಡರೆ ಈಗಲೂ ಎದೆ ಝಲ್ ಅನ್ನುತ್ತದೆ. ಪುಡಿ ಹಾಕಿದ್ದರೆ ಪ್ಲಂಬರ್ ಪೈಪ್ ಬಿಚ್ಚುವ ಮುಂಚೆ ಅವರಿಗೆ ಹೇಳಿ, ಇಲ್ಲದಿದ್ದರೆ ಸುಡುವುದು ಅವರ ಕೈ. ಒಂದು ಕ್ಲೀನರ್ ಹಾಕಿದ ಮೇಲೆ ಅದರ ಮೇಲೆ ಇನ್ನೊಂದು ಹಾಕಬೇಡಿ. ಆಸಿಡ್ ಇರುವುದಕ್ಕೆ ಬ್ಲೀಚ್ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಅಪಾಯ.

ಪ್ಲಂಜರ್ ಒಳ್ಳೆಯದೇ, ಮನೆಯಲ್ಲಿ ಇರಲಿ. ಎರಡು ತೊಟ್ಟಿಯ ಸಿಂಕ್ ಇದ್ದರೆ ಇನ್ನೊಂದರ ಬಾಯಿಗೆ ಒದ್ದೆ ಬಟ್ಟೆ ತುರುಕಿ, ವಾಶ್ ಬೇಸಿನ್ ಆದರೆ ಮೇಲಿನ ಸಣ್ಣ ತೂತನ್ನೂ ಮುಚ್ಚಿ, ಇಲ್ಲದಿದ್ದರೆ ಒತ್ತಿದ ಗಾಳಿಯೆಲ್ಲ ಅಲ್ಲಿಂದ ಹೋಗಿಬಿಡುತ್ತದೆ. ಪೈಪಿನ ಬಾಯಿಯ ಹತ್ತಿರ ಕಟ್ಟಿಕೊಂಡಿದ್ದರೆ ಬಿಡುತ್ತದೆ. ನಮ್ಮದು ಹತ್ತಿರ ಇರಲಿಲ್ಲ.

ಸರಿ, ಸ್ಪ್ರಿಂಗ್. ಮೊದಲ ದಿನ ಎರಡು ಗಂಟೆ ಹಿಡಿಯಿತು. ಸಿಂಕಿನ ಮೇಲಿಂದಲೇ ಬಿಟ್ಟರೆ ಹೋಗುತ್ತದೆ ಅಂತ ಪೆಟ್ಟಿಗೆಯ ಮೇಲೆ ಚಿತ್ರ ಇತ್ತು. ನಮ್ಮ ಸಿಂಕಿನ ಕೆಳಗೆ ಬಾಟಲ್ ಟ್ರ್ಯಾಪ್ ಇದೆ, ಅಂದರೆ ವಾಸನೆ ಮೇಲೆ ಬರದಂತೆ ಸ್ವಲ್ಪ ನೀರು ನಿಲ್ಲಿಸುವ ಬಾಟಲಿಯಂಥ ಭಾಗ, ಅದರೊಳಗೆ ತಂತಿ ಗಿರಗಿರ ಸುತ್ತಿಕೊಂಡು ಅಲ್ಲೇ ನಿಂತಿತು. ಬಕೆಟ್ ಇಟ್ಟು, ಟ್ರ್ಯಾಪ್ ಬಿಚ್ಚಿ, ಗೋಡೆಯೊಳಗೆ ಹೋಗುವ ಪೈಪಿಗೇ ನೇರ ಬಿಟ್ಟ ಮೇಲೆ ಕೆಲಸ ಶುರು ಆಯಿತು. ತಂತಿಯನ್ನು ಒಂದು ಗೇಣು ಹೊರಗೆ ಎಳೆಯಬೇಕು, ತಿರುಪು ಬಿಗಿಯಬೇಕು, ಹಿಡಿಯನ್ನು ಬಲಕ್ಕೆ ತಿರುಗಿಸುತ್ತಾ ನೂಕಬೇಕು, ತಿರುಪು ಸಡಿಲಿಸಿ ಇನ್ನೊಂದು ಗೇಣು. ಜೋರು ಮಾಡಿದರೆ ತಂತಿ ಡೊಂಕಾಗುತ್ತದೆ, ಒಮ್ಮೆ ಡೊಂಕಾದರೆ ಮುಗಿಯಿತು. ಕೈಗೆ ಕ್ರಮೇಣ ವ್ಯತ್ಯಾಸ ತಿಳಿಯುತ್ತದೆ: ಪೈಪಿನ ತಿರುವು ಸಿಕ್ಕರೆ ಟಕ್ ಅಂತ ಗಟ್ಟಿಯಾಗಿ ತಡೆಯುತ್ತದೆ, ತಿರುಗಿಸಿದರೆ ಜಾರಿ ಮುಂದೆ ಹೋಗುತ್ತದೆ, ಜಿಡ್ಡು ಸಿಕ್ಕರೆ ಮೆತ್ತಗೆ, ಹಿಟ್ಟಿನ ಮುದ್ದೆಯೊಳಗೆ ಬೆರಳು ಒತ್ತಿದ ಹಾಗೆ.

ಹೊರಗೆ ಎಳೆದಾಗ ತುದಿಯಲ್ಲಿ ಬಂದದ್ದು ಬೂದು ಬಣ್ಣದ ಮೇಣದಂಥ ಗಡ್ಡೆ. ನಾನು ಅದನ್ನು ಬರೀ ಎಣ್ಣೆ ಅಂದುಕೊಂಡಿದ್ದೆ. ಎಣ್ಣೆಯ ಕೊಬ್ಬಿನಂಶ ನೀರಿನಲ್ಲಿರುವ ಕ್ಯಾಲ್ಸಿಯಂ ಜೊತೆ ಸೇರಿ ಗಟ್ಟಿ ಸೋಪಿನ ಹಾಗೆ ಆಗುತ್ತದೆ, ಗಡಸು ನೀರು ಇರುವ ಕಡೆ ಇದು ಇನ್ನೂ ಜಾಸ್ತಿ. 2017ರಲ್ಲಿ ಲಂಡನ್ನಿನ ವೈಟ್‌ಚಾಪೆಲ್‌ನಲ್ಲಿ ನೆಲದಡಿಯ ಚರಂಡಿಯಲ್ಲಿ 250 ಮೀಟರ್ ಉದ್ದ, ಸುಮಾರು 130 ಟನ್ ತೂಕದ ಗಡ್ಡೆ ಸಿಕ್ಕಿತ್ತಲ್ವಾ, ಅದರಲ್ಲೂ ಇದೇ ಜಿಡ್ಡು, ಜೊತೆಗೆ ಒರೆಸುವ ವೈಪ್ಸ್. ಒಂದು ಮನೆಯ ಪೈಪಿಗೂ ಊರಿನ ಚರಂಡಿಗೂ ಕಾಯಿಲೆ ಒಂದೇ.

ಮೂರು ತಿಂಗಳು ಸಿಂಕ್ ತೊಂದರೆ ಕೊಡಲಿಲ್ಲ. ಆಮೇಲೆ ಮತ್ತೆ ಕಟ್ಟಿತು. ಎರಡನೇ ಸಲ ಅಮ್ಮ ಟಾರ್ಚ್ ಹಿಡಿದು ನಿಂತಿದ್ದರು, "ಅದು ಎಷ್ಟು ದೂರದಲ್ಲಿ ಕಟ್ಟಿದೆ ಅಂತ ಗುರುತು ಹಾಕೋ" ಅಂದರು. ಜಿಡ್ಡು ಸಿಕ್ಕಿದ ಕ್ಷಣ ಪೈಪಿನ ಬಾಯಿಯ ಹತ್ತಿರ ತಂತಿಗೆ ಕೆಂಪು ಟೇಪ್ ಸುತ್ತಿದೆ. ಅಳೆದರೆ 2.4 ಮೀಟರ್. ಇನ್ನೆರಡು ತಿಂಗಳಿಗೆ ಮೂರನೇ ಸಲ ಕಟ್ಟಿದಾಗ ನೋಡಿದರೆ, ತಂತಿ ನಿಂತದ್ದು ಅದೇ ಕೆಂಪು ಗುರುತಿಗೆ. ಒಂದೇ ಜಾಗದಲ್ಲಿ ಮತ್ತೆ ಮತ್ತೆ ಕಟ್ಟುತ್ತಿದೆ ಅಂದರೆ ನಾವು ಸಿಂಕಿಗೆ ಏನು ಹಾಕುತ್ತೇವೆ ಅನ್ನುವುದಷ್ಟೇ ಪ್ರಶ್ನೆ ಅಲ್ಲ, ಆ ಜಾಗದಲ್ಲಿ ಏನೋ ಇದೆ. ಹೊರಗೋಡೆಯ ಮೇಲೆ ಪೈಪ್ ಹೋಗುವ ದಾರಿಯನ್ನು ಟೇಪಿನಿಂದ ಅಳೆದು ನೋಡಿದೆ. ಸರಿಯಾಗಿ ಅಲ್ಲೇ ಎರಡು ಕ್ಲ್ಯಾಂಪ್‌ಗಳ ನಡುವೆ ಪೈಪ್ ಹೊಟ್ಟೆಬಿಟ್ಟು ಜೋತುಬಿದ್ದಿತ್ತು. ಸಿಂಕಿನ ಪೈಪಿಗೆ ಮೀಟರಿಗೆ 2 ಸೆಂಟಿಮೀಟರಿನಷ್ಟು ವಾಟ, ಅಂದರೆ ಇಳಿಜಾರು, ಬೇಕು. ಅಲ್ಲಿ ವಾಟ ಉಲ್ಟಾ ಆಗಿತ್ತು. ಬಿಸಿಯಾಗಿ ಹೊರಟ ಜಿಡ್ಡಿನ ನೀರು ಆ ತಗ್ಗಿನಲ್ಲಿ ನಿಂತು, ತಣ್ಣಗಾಗಿ, ಅಲ್ಲೇ ಗಟ್ಟಿಯಾಗುತ್ತಿತ್ತು. ಎರಡು ವರ್ಷದಲ್ಲಿ ಮೂವರು ಪ್ಲಂಬರ್ ಬಂದು ಹೋಗಿದ್ದರು, ಯಾರೂ ಹೊರಗೆ ಹೋಗಿ ಪೈಪ್ ನೋಡಿರಲಿಲ್ಲ, ನಾವೂ ನೋಡಿ ಅನ್ನಲಿಲ್ಲ. ನಾಲ್ಕನೆಯವರಿಗೆ ಜಾಗ ತೋರಿಸಿದೆ. ಆ ತುಂಡು ಬದಲಿಸಿ, ಎರಡು ಕ್ಲ್ಯಾಂಪ್ ಜಾಸ್ತಿ ಹಾಕಿದರು. ಏಳು ತಿಂಗಳಾಯಿತು, ಒಂದು ಸಲವೂ ಕಟ್ಟಿಲ್ಲ.

ಹಾಗಾಗಿ ನಾನು ಈ ಸ್ಪ್ರಿಂಗನ್ನು ಇಷ್ಟು ಮೆಚ್ಚುವುದು ಅದು ಜಿಡ್ಡು ತೆಗೆಯಿತು ಅಂತ ಮಾತ್ರ ಅಲ್ಲ, ಪೈಪಿನೊಳಗೆ ಕಣ್ಣಿಗೆ ಕಾಣದ ಜಾಗವನ್ನು ಬೆರಳಿಟ್ಟು ತೋರಿಸಿತು ಅಂತ. ಪುಡಿಯಾಗಲಿ ಪ್ಲಂಜರ್ ಆಗಲಿ ಅದನ್ನು ಹೇಳುವುದಿಲ್ಲ.

ಕೊರತೆಗಳೂ ಇವೆ. ಮುಂದಿನ ತಿರುಪು ಪ್ಲಾಸ್ಟಿಕ್, ಒದ್ದೆ ಕೈಯಲ್ಲಿ ಜಾರುತ್ತದೆ, ಎರಡನೇ ಸಲಕ್ಕೇ ಅದರ ಹಲ್ಲು ಸವೆಯಿತು; ಲೋಹದ್ದು ಸಿಕ್ಕರೆ ಅದನ್ನೇ ತಗೊಳ್ಳಿ. ತಂತಿಗೆ ತುಕ್ಕು ಬೇಗ ಬರುತ್ತದೆ. ಒರೆಸಿ, ಒಣಗಿಸಿ, ಎಣ್ಣೆ ಬಟ್ಟೆಯಲ್ಲಿ ಒಮ್ಮೆ ಎಳೆದು ಡ್ರಮ್ಮಿಗೆ ಸುತ್ತಬೇಕು, ಈ ಕೆಲಸ ಬಿಟ್ಟರೆ ಮುಂದಿನ ಸಲ ಡ್ರಮ್ಮಿಂದ ಕಂದು ನೀರು ಸುರಿಯುತ್ತದೆ. ದಪ್ಪ ಗ್ಲೌಸ್ ಇಲ್ಲದೆ ಮುಟ್ಟಬೇಡಿ, ತಂತಿ ತಿರುಚಿ ಬೆರಳಿಗೆ ಕಚ್ಚುತ್ತದೆ. ಎಳೆಯುವಾಗ ಕಪ್ಪು ನೀರು ಎಲ್ಲ ಕಡೆ ಸಿಡಿಯುತ್ತದೆ, ಹಳೇ ಬಟ್ಟೆ ಹಾಸಿಕೊಳ್ಳಿ.

ಬಚ್ಚಲಿಗೆ ಇದನ್ನು ಬಳಸಿದೆ, ಆದರೆ ಅಲ್ಲಿ ಕಟ್ಟುವುದು ಹೆಚ್ಚಾಗಿ ಕೂದಲು ಮತ್ತು ಸೋಪು, ಅದೂ ಜಾಲರಿಯ ಕೆಳಗೇ. ಪಕ್ಕಕ್ಕೆ ಹಲ್ಲುಗಳಿರುವ ತೆಳು ಪ್ಲಾಸ್ಟಿಕ್ ಪಟ್ಟಿ ಬರುತ್ತದೆ, ಅದು ಒಂದೇ ನಿಮಿಷದಲ್ಲಿ ಎಳೆದು ತರುತ್ತದೆ. ಕಮೋಡಿಗೆ ಈ ಸ್ಪ್ರಿಂಗ್ ಹಾಕಲೇಬೇಡಿ, ಪಿಂಗಾಣಿ ಗೀರಿ ಹೋಗುತ್ತದೆ. ಅದಕ್ಕೆ ತುದಿಗೆ ರಬ್ಬರ್ ಕವಚ ಇರುವ ಬೇರೆಯದೇ ಉಪಕರಣ ಇದೆ. ಇನ್ನು ಸಿಂಕ್, ಬಚ್ಚಲು, ಕಮೋಡು ಎಲ್ಲ ಒಟ್ಟಿಗೆ ನಿಧಾನ ಆದರೆ, ಅಥವಾ ಒಂದರಲ್ಲಿ ನೀರು ಬಿಟ್ಟರೆ ಇನ್ನೊಂದರಲ್ಲಿ ಉಕ್ಕಿದರೆ, ಕಟ್ಟಿರುವುದು ಮುಖ್ಯ ಪೈಪ್. 7.5 ಮೀಟರ್ ಕೈ ಸ್ಪ್ರಿಂಗಿನಿಂದ ಅದು ಆಗುವ ಕೆಲಸ ಅಲ್ಲ, ಮೋಟಾರ್ ಯಂತ್ರ ಇರುವವರನ್ನು ಕರೆಯಿರಿ.

ಕಳೆದ ವಾರ ಸುಮ್ನೆ ಪರೀಕ್ಷೆಗೆ ಟ್ರ್ಯಾಪ್ ಬಿಚ್ಚಿ ತಂತಿ ಒಳಗೆ ಬಿಟ್ಟೆ. ಕೆಂಪು ಟೇಪ್ ಪೈಪಿನ ಬಾಯಿ ದಾಟಿ, ಎಲ್ಲೂ ತಡೆಯದೆ ಒಳಗೆ ಹೋಯಿತು. ಅಮ್ಮನನ್ನು ಕರೆದು ತೋರಿಸಿದೆ.